ಐದು ಡಬರಿ ಪಾನಕ, ಎಂಟು ನಿಂಬೆಹಣ್ಣು

ಎಂಟು ನಿಂಬೆಹಣ್ಣು ಹಿಂಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ನಮ್ಮ ದೊಡ್ಡವ್ವ ಹೇಳುತ್ತಾಳೆ, ಅವಳ ಬಾಯಲ್ಲಿ ಎಂಟು ಹೋಗಿ ಹದಿನೆಂಟಾಗುತ್ತದೆ.

ಚಿಕ್ಕಯ್ಯನಛತ್ರದ ಹತ್ತಿರದ ನಮ್ಮೂರಲ್ಲಿ ಬುದ್ಧ ಪೂರ್ಣಿಮೆಯ ಬೆಳಿಗ್ಗೆ, ಸಮುದಾಯ ಭವನದಲ್ಲಿ ಬುದ್ಧ ವಂದನೆ ಮುಗಿಸಿದವರಿಗೆಲ್ಲ ಪಾನಕ ಕೊಡುತ್ತೇವೆ. ಬೌದ್ಧ ಬಾವುಟದಲ್ಲಿ ಐದು ಬಣ್ಣ, ಹಾಗಾಗಿ ಡಬರಿಯೂ ಐದು. ಹಳದಿಗೆ ಮಾವು, ಕೆಂಪಿಗೆ ಕಲ್ಲಂಗಡಿ, ಕಿತ್ತಳೆಗೆ ಕರಬೂಜ, ಬಿಳಿಗೆ ಬಾದಾಮಿ ಹಾಲು. ನೀಲಿಗೆ ಮಾತ್ರ ಅಂಗಡಿಯ ಬಣ್ಣದ ಪುಡಿ. ಅದನ್ನು ಕುಡಿದವರ ನಾಲಿಗೆ ಸಂಜೆವರೆಗೂ ಇಂಕು ನೆಕ್ಕಿದ ಹಾಗಿರುತ್ತಿತ್ತು.

ಈ ಸಲ ಪುಡಿ ಬೇಡ, ಬೇಲಿಯ ಶಂಖಪುಷ್ಪದಲ್ಲೇ ನೀಲಿ ತರುತ್ತೇನೆ ಎಂದು ದೊಡ್ಡವ್ವ ಹೆಂಗಸರ ಸಂಘದ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದಳು. ಎದುರುಮನೆ ಅತ್ತೆ ನಕ್ಕು, ಬರದಿದ್ದರೆ ಬರೋ ವರ್ಷದಿಂದ ಪಾನಕದ ಉಸಾಬರಿ ನನಗೆ ಬಿಟ್ಟುಬಿಡು ಅಂದಿದ್ದಳು. ಇಪ್ಪತ್ತು ವರ್ಷದಿಂದ ಆ ಸೌಟು ದೊಡ್ಡವ್ವನ ಕೈಲೇ ಇದೆ.

ಹದಿನೈದು ದಿನ ಹೂ ಬಿಡಿಸಿ ಮೊರದಲ್ಲಿ ಒಣಗಿಸಿದಳು. ಹಬ್ಬದ ದಿನ ಬಿಸಿನೀರಿಗೆ ಹಾಕಿದಾಗ ನಿಜಕ್ಕೂ ನೀಲಿ ಬಂತು. ಸೋಸಿ, ಸಕ್ಕರೆ ಕದಡಿ, ಆರಲು ಬಿಟ್ಟು ಸೀರೆ ಬದಲಾಯಿಸಲು ಒಳಗೆ ಹೋದಳು. ಸೌಟು ನನ್ನ ಕೈಗೆ ಬಂತು. ಕಲ್ಲಂಗಡಿಗೆಂದು ನಾನೇ ನರಸೀಪುರದಿಂದ ತಂದ ನಿಂಬೆಹಣ್ಣು ಪಕ್ಕದಲ್ಲಿತ್ತು.

ಮೊಬೈಲಿನಲ್ಲಿ ಅಡುಗೆ ತೋರಿಸುವ ಒಬ್ಬ ಹೆಂಗಸನ್ನು ದೊಡ್ಡವ್ವ ದಿನಾ ನೋಡುತ್ತಾಳೆ. ಆಕೆಯ ದನಿ ನನ್ನ ಗಂಟಲಲ್ಲಿ ಬಾಡಿಗೆಗಿದೆ. ಚಿಕ್ಕಪ್ಪನ ಮಕ್ಕಳನ್ನು ಕೂರಿಸಿಕೊಂಡು ಶುರು ಮಾಡಿದೆ. ಆಕೆ ಏನೇ ಮಾಡಲಿ, ಕೊನೆಗೆ 'ಈಗ ಒಂಚೂರು ನಿಂಬೆರಸ, ಫ್ರೆಂಡ್ಸ್' ಅನ್ನುತ್ತಾಳೆ. ನಾನೂ ಅಂದೆ. ಅಂದಮೇಲೆ ಹಿಂಡದಿದ್ದರೆ ಅದೆಂಥ ಮಿಮಿಕ್ರಿ? ಮಕ್ಕಳು ನಕ್ಕಷ್ಟೂ ನೀಲಿ ಡಬರಿಗೆ ಹಿಂಡಿದೆ. ಬಣ್ಣ ತಿರುಗುತ್ತಿದ್ದದ್ದು ಕಂಡಿತ್ತು, ನನ್ನ ತಲೆಯ ನೆರಳು ಅಂದುಕೊಂಡೆ. ಎಂಟನೆಯದರ ಹೊತ್ತಿಗೆ ಹುಳಿಗೆ ಹೂವಿನ ನೀಲಿ ಕೆಟ್ಟು ಡಬರಿ ತುಂಬ ನೇರಳೆಹಣ್ಣಿನ ಬಣ್ಣ.

ಒಂದು ಲೋಟಕ್ಕೆ ಅಡುಗೆ ಸೋಡ ಹಾಕಿ ನೋಡಿದೆ. ಬುಸ್ಸೆಂದು ನೊರೆಯೆದ್ದು ನೀಲಿ ವಾಪಸ್ ಬಂತು. ರುಚಿ ಮಾತ್ರ ಬಟ್ಟೆ ಒಗೆದ ನೀರಿನದು.

ದೊಡ್ಡವ್ವ ಬಂದು ನೋಡಿದಳು. ಬೈಯಲಿಲ್ಲ, ಅದಕ್ಕೇ ಭಯವಾಯಿತು. ಓಡಿ ಪುಡಿ ತರಲಾ ಅಂದೆ. ಬೇಡ ಅಂದಳು. ಸೋಸಿ ಮೂಲೆಗಿಟ್ಟಿದ್ದ ಹೂವಿನ ಚರಟಕ್ಕೆ ಇನ್ನೊಮ್ಮೆ ಬಿಸಿನೀರು ಹುಯ್ದು ಹಿಂಡಿದಳು. ಒಂದು ಗಾಜಿನ ಲೋಟದಷ್ಟು ತೆಳುನೀಲಿ ಬಂತು. ಅದನ್ನು ಸೆರಗಲ್ಲಿ ಮುಚ್ಚಿಕೊಂಡು ಭವನಕ್ಕೆ ನಡೆದಳು. ಹಿಂದೆ ನಾವು ಡಬರಿ ಹೊತ್ತೆವು.

ಎದುರುಮನೆ ಅತ್ತೆ ವಂದನೆ ಮುಗಿದದ್ದೇ ತಡ ಬಂದು ಮುಚ್ಚಳ ಎತ್ತಿದಳು.

"ನೀಲಿ ಎಲ್ಲವ್ವಾ?"

ದೊಡ್ಡವ್ವ ಗಾಜಿನ ಲೋಟ ಎತ್ತಿ ಹಿಡಿದಳು. "ಇದು ಊವಿಂದು." ಆಮೇಲೆ ಡಬರಿ ತೋರಿಸಿದಳು. "ಅದು ಇವನ್ದು."

ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ನೇರಳೆಯದನ್ನು ಎರಡು ಲೋಟ ಕುಡಿದು, ಆ ಬಳ್ಳಿದು ಬೀಜ ಇದ್ದರೆ ನಾಕು ಕೊಡು ಅಂದಳು. ಸೌಟು ದೊಡ್ಡವ್ವನ ಕೈಲೇ ಉಳಿಯಿತು.

ಪಾನಕವೆಲ್ಲ ಮುಗಿದಮೇಲೆ ನನಗೆ ಧೈರ್ಯ ಬಂತು. ಹಿಂಡಿದ್ದು ನಾನಲ್ಲ ದೊಡ್ಡವ್ವ, ಆ ಮೊಬೈಲ್ ಯಮ್ಮ ಎಂದು ಆಕೆಯ ದನಿಯಲ್ಲೇ ಅಂದೆ. ದೊಡ್ಡವ್ವ ಖಾಲಿ ಡಬರಿಗಳನ್ನು ನನ್ನ ಕಡೆ ತಳ್ಳಿದಳು.

"ಅಂಗಾರೆ ಆ ಯಮ್ಮನ್ನೇ ಕರಿ ಕಣ್ಲಾ, ಐದೂ ಡಬರಿ ಬೆಳಗ್ಲಿ."