ಮೇಷ್ಟ್ರ ಹಿತ್ತಾಳೆ ಪ್ರೋಟೀನು

ನನಗೆ ಇಕ್ಕಳ ಕಂಡರಾಗದು. ಒಲೆಯ ಮೇಲಿನ ಪಾತ್ರೆಯನ್ನೂ ಬಟ್ಟೆಯಲ್ಲೇ ಇಳಿಸಿ ಬೆರಳು ಸುಟ್ಟುಕೊಳ್ಳುತ್ತೇನೆ. ಹೆಂಡತಿ ಇದನ್ನು ಮೊಂಡುತನ ಎನ್ನುತ್ತಾಳೆ. ನಿಜ ಸಂಗತಿ ಬೇರೆ. ಹೇಳಿಕೊಂಡರೆ ಮರ್ಯಾದೆ ಹೆಚ್ಚುವಂಥದ್ದೇನಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪ್ರೋಟೀನುಗಳ ಆಕಾರ ಹುಡುಕುವ ಪ್ರಯೋಗಾಲಯವೊಂದರಲ್ಲಿದ್ದೆ. ಕಣ್ಣಿಗೆ ಕಾಣದ ಆ ವಸ್ತುವನ್ನು ನನ್ನ ಮೇಷ್ಟ್ರು ಹಿತ್ತಾಳೆ ಕಡ್ಡಿ, ತಿರುಪುಗಳಲ್ಲಿ ಕಟ್ಟುತ್ತಿದ್ದರು. ನಾನು ಸೇರುವ ಮೊದಲೇ ಶುರುವಾದ ಕೆಲಸ, ಎಂಟು ವರ್ಷಕ್ಕೆ ಆಳೆತ್ತರದ ಮಾದರಿ ಎದ್ದು ನಿಂತಿತು. ನಾವು ನೋಡಿಕೊಂಡು ಕಟ್ಟುತ್ತಿದ್ದ ಎಕ್ಸ್-ರೇ ನಕ್ಷೆಯಲ್ಲಿ ಒಂದು ಕಡೆ ಮಾತ್ರ ಗುರುತು ಮಸುಕಾಗಿತ್ತು. ಅಲ್ಲಿ ಪ್ರೋಟೀನಿನ ಪರಮಾಣುಗಳ ಸರಪಳಿ ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು. ನಾವು ಬಲಕ್ಕೆ ಒಯ್ದೆವು. ಕಡ್ಡಿ ಕೂರಲಿಲ್ಲ. ನಾನು ಇಕ್ಕಳ ಹಿಡಿದು ಬಗ್ಗಿಸಿದೆ, ಕೂತಿತು. ಹಿತ್ತಾಳೆ ಬಲು ಸಂಭಾವಿತ ಲೋಹ, ಯಾರು ಬಗ್ಗಿಸಿದರೂ ಬಗ್ಗುತ್ತದೆ. ಮೇಷ್ಟ್ರ ಹೆಸರು ಮೊದಲು, ನನ್ನದು ಕೊನೆಗೆ ಹಾಕಿ ಲೇಖನ ಅಚ್ಚಾಯಿತು.

ಆಮೇಲೆ ಚಿತ್ರ ಬಿಡಿಸುವ ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ದೇವರ ಮನೆಗಿಂತ ಹೆಚ್ಚಿನ ಮಡಿ. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳಲ್ಲಿ ನಮ್ಮ ಪ್ರೋಟೀನು ಮೂಡಿತು. ಗುಂಡಿ ತಿರುಗಿಸಿದರೆ ಅದೂ ತಿರುಗುತ್ತಿತ್ತು. ಪ್ರೋಟೀನಿನ ಸರಪಳಿಗೂ ಕಟ್ಟುಪಾಡುಗಳಿವೆ. ಪ್ರತಿ ಕೊಂಡಿ ಇಷ್ಟೇ ತಿರುಗಬಹುದು. ಮೀರಿದರೆ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ, ಚಂದ್ರಾ ಲೇಔಟಿನ ನನ್ನ ಬಾಡಿಗೆ ಕೋಣೆಯಲ್ಲಿ ಬೀರುವಿನ ಬಾಗಿಲು ಪೂರ್ತಿ ತೆರೆದರೆ ಮಂಚಕ್ಕೆ ಬಡಿಯುತ್ತಿದ್ದ ಹಾಗೆ. ಹಾಗೆ ತಾಗುವಲ್ಲಿ ಚುಕ್ಕಿ ಮೂಡಿಸಲು ಯಂತ್ರಕ್ಕೆ ಹೇಳಿದೆ. ನಾನು ಇಕ್ಕಳ ಆಡಿಸಿದ ಜಾಗದಲ್ಲಿ ಚುಕ್ಕಿಗಳು ಮುತ್ತಿಕೊಂಡವು. ಅಲ್ಲಿಂದ ಮುಂದಿನ ಅರ್ಧ ಪ್ರೋಟೀನು ಪೂರಾ ತಪ್ಪಾಗಿತ್ತು.

ಆ ಹೊತ್ತಿಗೆ ಮೇಷ್ಟ್ರು ಬಸವೇಶ್ವರನಗರದ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಹೊಟ್ಟೆಯ ಕ್ಯಾನ್ಸರು, ಡಾಕ್ಟರು ಕೈಚೆಲ್ಲಿದ್ದರು. ಅವರ ಬದುಕಿನ ದೊಡ್ಡ ಕೆಲಸ ಅದೊಂದೇ. ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ, ಒಂದು ಫೋಟೋ ತಾ ಎಂದು ಹೇಳಿಕಳಿಸಿದ್ದರು. ಸಾಯುವವರಿಗೆ ಇದನ್ನು ಹೇಗೆ ಹೇಳುವುದು? ಚುಕ್ಕಿಗಳನ್ನು ಅಳಿಸಿ, ಕೋಣೆಯ ದೀಪ ಆರಿಸಿ, ಪರದೆಯ ಫೋಟೋ ತೆಗೆದೆ. ಬಸ್ಸಿನಲ್ಲಿ ಕೂತು ಸುಳ್ಳನ್ನು ಬಾಯಿಪಾಠ ಮಾಡಿದೆ. ನಾಚಿಕೆಯಾಗಿತ್ತು, ಭಯವೂ ಆಗಿತ್ತು.

"ಸರಿಯಾಗಿದೆಯೇನಯ್ಯ?" ಎಂದರು ಮೇಷ್ಟ್ರು.

"ಸರಿಯಾಗಿದೆ ಸಾರ್."

ಅವರು ಫೋಟೋವನ್ನು ಬಹಳ ಹೊತ್ತು ನೋಡಿದರು. ಒಣಗಿದ ಬೆರಳು ನೇರವಾಗಿ ಆ ತಿರುವಿನ ಮೇಲೆ ಬಂದು ನಿಂತಿತು. "ಇಲ್ಲಿ ನೀನು ಇಕ್ಕಳ ಹಾಕ್ದಾಗ ನಾನು ಕಿಟಕಿ ಕಡೆ ನೋಡ್ತಾ ಇದ್ದೆ ಕಣಯ್ಯ. ಬೇಕಂತಲೇ. ಈಗ ನಿಜ ಹೇಳು."

ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಅವರು ಅಳಲಿಲ್ಲ; ಒಂದು ಗುಟುಕು ನೀರು ಕೇಳಿ ಕುಡಿದರು. "ತಪ್ಪಾಗಿದೆ ಅಂತ ಬರೆದು ಕಳಿಸು. ಅದಕ್ಕೂ ನನ್ನ ಹೆಸರೇ ಮೊದಲು ಹಾಕು," ಎಂದರು.

ಆ ಒಂದು ಪುಟ ಅಚ್ಚಾಗಿ ಬರುವಷ್ಟರಲ್ಲಿ ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಪತ್ರಿಕೆ ಹಿಡಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಇಂಗ್ಲಿಷ್ ಓದಿದವರಲ್ಲ.

"ಇದ್ರಲ್ಲಿ ಏನು ಬರೆದಿದೆಯಪ್ಪ?" ಎಂದು ಕೇಳಿದರು.

"ಸಾರ್ ತಾವು ಮಾಡಿದ್ದು ತಪ್ಪು ಅಂತ ಒಪ್ಕೊಂಡಿದಾರೆ, ಅಮ್ಮ."

ಆಕೆ ಪುಟದ ಮೇಲೆ ಮೆಲ್ಲಗೆ ಕೈಯಾಡಿಸಿದರು. "ಮೂವತ್ತೆಂಟು ವರ್ಷ ಸಂಸಾರ ಮಾಡಿದೆ. ಮನೇಲಿ ಒಂದು ಸಲನೂ ಒಪ್ಕೊಂಡಿರಲಿಲ್ಲ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಎದುರಿಗೇ ಕೂತರು. "ಇನ್ನೊಂದು ಸಲ ಹೇಳಪ್ಪ, ಕೇಳ್ತೀನಿ."