ಐವತ್ತನೆಯ ಗಂಟು

ಯಲ್ಲವ್ವಾ, ನಿನ್ನ ಅಪ್ಪನನ್ನು ಕೊಂದವರು ಇಬ್ಬರು ಎಂದು ಕೋರ್ಟು ಹೇಳಿತು. ಅದು ತಪ್ಪು. ಮೂವರು. ಮೂರನೆಯವಳು ನಾನು — ನೀನು ಇಂದಿಗೂ ಕೈಮುಗಿಯುವ ನಿನ್ನ ಅಕ್ಕೋರು. ನಾನು ಕೊಡಲಿ ಹಿಡಿಯಲಿಲ್ಲ. ಕೊಡಲಿ ಹಿಡಿದವರಿಗೆ ಅವನ ಹೆಸರು ಹೇಳಿದೆ. ಹೇಳಿದ ಮೇಲೆ ಮೂರು ಗಂಟೆಯ ಬಸ್ಸು ಹತ್ತಿ ಬಂದು ಅವನನ್ನು ಎಚ್ಚರಿಸಬಹುದಿತ್ತು — ಹತ್ತಲಿಲ್ಲ.

ನಾನು ಎಂಥವಳು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ಬೆಟಗೇರಿಯ ಮಗ್ಗದ ಮನೆಯವಳು. ಅಪ್ಪನಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಅವ್ವ ನೂಲಿನ ಕಂಡಿಕೆ ಸುತ್ತಿ ಸುತ್ತಿ ಬೆರಳಿನ ಗೆರೆ ಸವೆಸಿಕೊಂಡವಳು. ಎರಡೇ ಸೀರೆಯಲ್ಲಿ ಗದಗಿನ ಕಾಲೇಜಿಗೆ ನಡೆದು ಹೋಗಿ ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಹೆಸರಿನ ಪಕ್ಕ ಎರಡು ಅಕ್ಷರ ಬರೆದುಕೊಂಡವಳು ನಾನೇ ಮೊದಲು. ಆ ಎರಡು ಅಕ್ಷರದ ಮೇಲೆ ಯಾರಾದರೂ ಬೆರಳಿಟ್ಟರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ತಪ್ಪು ಎಲ್ಲಿಂದ ಹುಟ್ಟಿತು ಎಂದು ತೋರಿಸುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮುಂಡರಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಆಗ ಗದಗಿನ ಸಣ್ಣ ಪ್ರೆಸ್ಸೊಂದು ಹದಿನಾಲ್ಕು ಹದಿನೈದರ ಮಕ್ಕಳಿಗಾಗಿ ವಾರಪತ್ರಿಕೆ ತೆಗೆಯುತ್ತಿತ್ತು. ಅದರ ಸಂಪಾದಕರು ನನಗೊಂದು ಧಾರಾವಾಹಿ ಬರೆಯಲು ಹೇಳಿದರು.

“ರಾಜಾ ರಾಣಿ ಬ್ಯಾಡ್ರಿ, ಸಾಕಾಗೇತಿ. ಎಲ್ಲೂ ಇಲ್ಲದ ದೇಶ ಕಟ್ರಿ. ಆದ್ರ ಓದಿದ ಹುಡುಗಿ ಮರುದಿನ ಅಲ್ಲಿಗೆ ಹೋಗಾಕ ಬಸ್ ಹುಡುಕಬೇಕು, ಹಂಗ ಕಟ್ರಿ.”

ನಾನು ಕಟ್ಟಿದ್ದು ಹೊಳೆಯಡಿಯ ನಾಡು. ತುಂಗಭದ್ರೆಯಲ್ಲಿ ಮುಳುಗಿದವರೆಲ್ಲ ತಳದಲ್ಲಿ ಸೇರಿ ಬದುಕುವ ದೇಶ. ಅಲ್ಲಿ ವರ್ಷಕ್ಕೆ ಲೆಕ್ಕ ಮಹಾಪೂರ. ನೀರಿನ ಮೇಲ್ಮೈಯೇ ಅವರ ಆಕಾಶ. ಮೇಲೆ ಸಾಗುವ ಹರಗೋಲುಗಳು ಅವರಿಗೆ ಕಪ್ಪು ಚಂದ್ರರು. ನೀರಿನಲ್ಲಿ ಶಾಯಿ ನಿಲ್ಲುವುದಿಲ್ಲವಲ್ಲ — ಅದಕ್ಕೆ ಅವರ ಬರಹವೆಲ್ಲ ಹಗ್ಗದ ಗಂಟು. ಕನ್ನಡದ ನಲವತ್ತೊಂಬತ್ತು ಅಕ್ಷರಕ್ಕೆ ನಲವತ್ತೊಂಬತ್ತು ಗಂಟು. ಸುಳ್ಳು ದೇಶವಾದರೂ ಗಂಟು ಸುಳ್ಳಾಗಬಾರದು ಎಂದು ಹಟ ಹಿಡಿದೆ. ಮಗ್ಗದ ಮನೆಯವಳು ಎಳೆ ಸುಳ್ಳಾಗುವುದನ್ನು ಸಹಿಸುವುದಿಲ್ಲ.

ಹಾಗೆ, ಹರಗೋಲಿನವರ ಗಂಟು ಕಲಿಯಲು, ಹೊಳೆ ದಂಡೆಯ ಕೊರ್ಲಹಳ್ಳಿಗೆ ಬಂದೆ. ಹಾಗೆ ನಿನ್ನ ಅಪ್ಪ ಅಂಬಿಗರ ಹನುಮಪ್ಪ ನನಗೆ ಸಿಕ್ಕ.

ಆ ಭಾನುವಾರಗಳು ನಿನಗೂ ನೆನಪಿರಬೇಕು. ನೀನು ಚಹಾ ತಂದು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಅವನು ಬಿದಿರಿನ ದಬ್ಬೆ ಬಗ್ಗಿಸುತ್ತ ನನ್ನನ್ನು ಗೇಲಿ ಮಾಡುತ್ತಿದ್ದ.

“ಸತ್ತೋರು ಹೊಳ್ಯಾಗ ಏನ್ ತಿಂತಾರಂತ ಬರದೀರಿ ಅಕ್ಕೋರ?”

“ಮೀನು.”

“ತೆಗೀರಿ! ಮೀನ ಅವ್ರನ್ನ ತಿಂತಾವ. ನಾ ತೆಗದ ಹೆಣದಾಗ ಕಣ್ಣಿದ್ದದ್ದು ಒಂದೂ ನೋಡಿಲ್ಲ.”

ನಾನು ಅದನ್ನೂ ಬರೆದುಕೊಂಡೆ. ನನ್ನ ದೇಶದ ಜನರೆಲ್ಲ ಕುರುಡರಾದರು; ಅದಕ್ಕೇ ಅವರು ಗಂಟನ್ನು ಬೆರಳಿನಿಂದ ಓದುತ್ತಾರೆ ಎಂದಾಯಿತು. ಅವನ ಒಂದೊಂದು ಮಾತಿಗೂ ನನ್ನ ದೇಶ ಒಂದು ಮಾರು ಆಳವಾಗುತ್ತಿತ್ತು.

ಒಂದು ಭಾನುವಾರ ನೀನು ಇರಲಿಲ್ಲ, ಹರ್ತಿಗೆ ನೆಂಟರ ಮನೆಗೆ ಹೋಗಿದ್ದೆ. ನಾನು ಕೇಳಿದೆ — ಹೊಳೆಯಡಿಯ ನಾಡಿನಲ್ಲಿ ಕೊಲೆಗಡುಕನಿಗೆ ಯಾವ ಶಿಕ್ಷೆ ಇರಬೇಕು, ಹನುಮಪ್ಪಾ? ಅವನು ಕೈಯಲ್ಲಿದ್ದ ದಬ್ಬೆ ಕೆಳಗಿಟ್ಟ. ನನ್ನನ್ನು ನೀರಿನ ಅಂಚಿಗೆ ಕರೆದೊಯ್ದ.

“ಹೊಳಿ ಮುಟ್ಟಿ ಹೇಳ್ರಿ. ಯಾರಿಗೂ ಹೇಳಂಗಿಲ್ಲಂತ. ನಮ್ಮ ಯಲ್ಲಿಗಂತೂ ಗೊತ್ತಾಗಬಾರ್ದು.”

ಬೊಗಸೆಯಲ್ಲಿ ನೀರು ಹಿಡಿದು ಹೇಳಿದೆ. ಆ ಮಾತನ್ನು ಒಮ್ಮೆ ಮುರಿದಿದ್ದೇನೆ. ಈಗ ನಿನಗೆ ಹೇಳಿ ಎರಡನೇ ಸಲ ಮುರಿಯುತ್ತಿದ್ದೇನೆ.

ನಿನ್ನ ಅವ್ವ ಮಹಾಪೂರದಲ್ಲಿ ಹೋದಳು ಎಂದಷ್ಟೇ ನಿನಗೆ ಗೊತ್ತು. ತಾನಾಗಿ ಹೋದದ್ದಲ್ಲ, ಯಲ್ಲವ್ವಾ. ಆ ದಿನ ಆಚೆ ದಂಡೆಯ ದೊಡ್ಡ ಮನೆಯವನೊಬ್ಬ ಶೇಂಗಾ ಚೀಲ ಹೇರಿಕೊಂಡು ಬಂದ. ಹೊಳೆ ಕೆಂಪಗಿದೆ, ಬೇಡ ಎಂದ ನಿನ್ನ ಅಪ್ಪನ ಬೆನ್ನಿಗೆ ಎತ್ತು ಹೊಡೆಯುವ ಬಾರಿಕೋಲು ಬೀಸಿ ಹರಗೋಲು ಬಿಡಿಸಿದ. ನೀರು ಮೊಗೆದು ಚೆಲ್ಲಲು ನಿನ್ನ ಅವ್ವನೂ ಹತ್ತಿದಳು.

“ದಂಡೀಗೆ ಇನ್ನ ಹತ್ತು ಮಾರು ಇತ್ರಿ. ಹರಗೋಲ ವಾಲಿತು, ಆಕಿ ಬಿದ್ಲು, ಅಂಚು ಹಿಡಕೊಂಡ್ಲು. ಆಕೀ ಭಾರಕ್ಕ ಚೀಲ ಹೊಳೀ ಪಾಲಾಗತಾವಂತ ಅಂವ ನನ್ನ ಕೈಯಾಗಿನ ಹುಟ್ಟು ಕಸಗೊಂಡು ಆಕಿ ಬೆರಳಮ್ಯಾಲೆ ಹೊಡದ. ಒಂದಲ್ರಿ. ಬಿಡೂತನಾ ಹೊಡದ.”

ಇದನ್ನು ಹೇಳುವಾಗ ಅವನು ಅಳಲಿಲ್ಲ. ಅವನ ಎಡಗೈ ಮಾತ್ರ ನೆಲದ ಮೇಲಿನ ಹಗ್ಗ ಹುಡುಕುತ್ತಿತ್ತು.

“ಮೂರು ತಿಂಗಳ ಮ್ಯಾಲೆ ಅಂವನ ಬಂದು, ಒಬ್ಬನ ಅದೇನಿ, ದಾಟಸಲೇ ಹನುಮ್ಯಾ ಅಂದ. ದಾಟಿಸಿದ್ನಿ.”

ನಡು ಹೊಳೆಯಲ್ಲಿ ಅದೇ ಹುಟ್ಟಿನಿಂದ ಅವನ ತಲೆ ಒಡೆದ. ಜೀವ ಇನ್ನೂ ಇತ್ತಂತೆ. ಕಾಲು ಕಟ್ಟುವಾಗ ‘ಹನುಮಪ್ಪಣ್ಣಾ’ ಎಂದನಂತೆ — ಅಲ್ಲಿಯ ತನಕ ಯಾವತ್ತೂ ಹಾಗೆ ಕರೆದವನಲ್ಲ. ಕಲ್ಲು ಕಟ್ಟಿ ಉರುಳಿಸಿದ.

ಹೇಳಿ ಮುಗಿಸಿದವನು ಡಾಂಬರು ಸವರಿದ ಹಗ್ಗ ತೆಗೆದುಕೊಂಡು ನನ್ನ ಮುಂದೆ ಆ ಗಂಟು ಹಾಕಿದ. “ಹಿಂಗ. ಎಡಗೈಲೆ ಮೂರು ಸುತ್ತು, ಬಾಲ ಒಳಗ. ನೀರು ಕುಡದಷ್ಟೂ ಬಿಗೀತೈತಿ. ನಮ್ಮಪ್ಪ ನನಗಷ್ಟ ಕಲಿಸಿದ್ದು. ಮಂದ್ಯಾಗ ಯಾರಿಗೂ ಬರೂದಿಲ್ಲ.”

ಸತ್ತವನ ಹೆಸರು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಒಬ್ಬ ಮನುಷ್ಯ ಎಷ್ಟೋ ವರ್ಷ ಎದೆಯೊಳಗೆ ಹೊತ್ತದ್ದನ್ನು ಇಳಿಸಿದ್ದ. ನಾನೇನು ಮಾಡಿದೆ ಗೊತ್ತೇನು? ಮುಂಡರಗಿಗೆ ಹೋಗುವ ಬಸ್ಸಿನಲ್ಲಿ, ಮರೆಯಬಾರದೆಂದು, ಸೆರಗಿನ ತುದಿಯಲ್ಲಿ ಆ ಗಂಟು ಹಾಕಿ ಹಾಕಿ ನೋಡಿದೆ.

ಕಥೆಯಲ್ಲಿ ಎಲ್ಲವನ್ನೂ ಬದಲಿಸಿದೆ. ಶೇಂಗಾ ಚೀಲ ಮುತ್ತಿನ ಬುಟ್ಟಿಯಾಯಿತು, ದೊಡ್ಡ ಮನೆಯವನು ಮೊಸಳೆಯ ಮೇಲೆ ಕೂತ ಸರದಾರನಾದ, ನಡೆದದ್ದು ಸಾವಿರ ಪೂರದ ಹಿಂದೆ. ಆದರೆ ಗಂಟು ಹಾಗೇ ಇಟ್ಟೆ. ಅದು ಅಷ್ಟು ಚೆನ್ನಾಗಿತ್ತು — ಬಿಡಲು ಮನಸ್ಸಾಗಲಿಲ್ಲ. ಅದಕ್ಕೆ ಉಚ್ಚಾರವಿಲ್ಲ, ಅರ್ಥ ಮಾತ್ರ ಉಂಟು, ‘ಮರಣದಂಡನೆ’ ಎಂದು ಬರೆದೆ. ಐವತ್ತನೆಯ ಗಂಟು. ಲಕ್ಷ್ಮೇಶ್ವರದ ಪೇಂಟರ್ ಒಬ್ಬರು ನಾನು ಕಟ್ಟಿಕೊಟ್ಟ ಹಗ್ಗ ನೋಡಿ, ಎಡಗೈಯಿಂದ ಹೇಗೆ ಹಾಕಬೇಕೆಂದು ನಾಲ್ಕು ಚಿತ್ರದಲ್ಲಿ ಬಿಡಿಸಿದರು. ಅರ್ಧ ಪುಟ ಅಚ್ಚಾಯಿತು.

ಶಾಲೆಯ ಹುಡುಗಿಯರು ಆ ದೇಶದೊಳಗೆ ಹೊಕ್ಕೇಬಿಟ್ಟಿದ್ದರು. ಲಂಗದ ಲಾಡಿಯಲ್ಲಿ, ಪಾಟಿಚೀಲದ ದಾರದಲ್ಲಿ ಗಂಟಿನ ಚೀಟಿ ಕಟ್ಟಿ ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರು. ನನಗೆ ಎಷ್ಟು ಹೆಮ್ಮೆ! ಐವತ್ತನೆಯದು ಬಂದ ವಾರ, ಜಗಳವಾಡಿದ ಗೆಳತಿಯ ಜಡೆಯ ರಿಬ್ಬನ್ನಿಗೆ ಹಿಂದಿನಿಂದ ಅದನ್ನು ಹಾಕಿ “ನಿನಗ ಶಿಕ್ಷೆ ಆತು ನೋಡಲೇ!” ಎಂದು ಓಡುವುದೇ ಆಟವಾಯಿತು. ಹಾಗೆ ಒಂಬತ್ತನೆಯ ತರಗತಿಯ ಸರೋಜಾ ಎಂಬ ಹುಡುಗಿಯ ಜಡೆಗೆ ಯಾರೋ ಹಾಕಿದರು. ತಂದೆಯಿಲ್ಲದ ಹುಡುಗಿ, ಅವನು ಹೊಳೆಯ ಪಾಲಾದ ಎಂದು ಕೇಳಿದ್ದೆ. ಅದಕ್ಕಿಂತ ಹೆಚ್ಚು ವಿಚಾರಿಸಿರಲಿಲ್ಲ.

ಮನೆಯಲ್ಲಿ ಅವಳ ಅಜ್ಜಿ ಎಣ್ಣೆ ಹಚ್ಚಲು ಜಡೆ ಬಿಚ್ಚಲು ಕೂತಳು. ಎಣ್ಣೆ ತಾಗಿ ಗಂಟು ಇನ್ನೂ ಬಿಗಿಯಿತು. ಬಿಚ್ಚಲು ಬರಲೇ ಇಲ್ಲ. ಆ ಮುದುಕಿಯ ಬೆರಳಿಗೆ ಅದರ ಗುರುತು ಇತ್ತು, ಯಲ್ಲವ್ವಾ. ಬೇಸಿಗೆಯಲ್ಲಿ ಹೊಳೆ ಇಳಿದು ಮಗನ ಎಲುಬು ಸಿಕ್ಕಾಗ, ಕಾಲಿನ ಹಗ್ಗ ಬಿಚ್ಚಲು ಕೂತವಳು ಅವಳೇ. ಬಿಚ್ಚಲಾಗದೆ ಕುಡುಗೋಲಿನಿಂದ ಕೊಯ್ದು, ಆ ಗಂಟನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟಿದ್ದಳು. ಈಗ ಮೊಮ್ಮಗಳ ರಿಬ್ಬನ್ನು ಕತ್ತರಿಸಿ ಅದರ ಪಕ್ಕ ಇಟ್ಟಳು. ಇದೆಲ್ಲ ನನಗೆ ಸರೋಜಾಳೇ ಹೇಳಿದ್ದು, ಆಮೇಲೆ, ಎಲ್ಲ ಮುಗಿದ ಮೇಲೆ.

ಶನಿವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಅವಳ ಕಾಕಂದಿರು ಇಬ್ಬರು ಬಂದರು. ಕೈಮುಗಿದೇ ಮಾತಾಡಿದರು.

“ಕತಿ ಬಾಳ ಛಲೋ ಬರದೀರಿ ಅಕ್ಕೋರ,” ಎಂದ ಹಿರಿಯವನು. “ನಮ್ಮ ಸರೋಜಿ ಊಟಾ ಬಿಟ್ಟು ಓದ್ತಾಳ. ಈ ಗಂಟು ಗಿಂಟು ಎಲ್ಲಾ ಇಂಗ್ಲೀಷ್ ಪುಸ್ತಕದಾಗಿಂದ ಇಳಿಸೀರೇನು?”

ಕಿರಿಯವನು ನಕ್ಕ. “ಮತ್ತೆಲ್ಲಿಂದನೋ ಅಣ್ಣಾ? ಬೆಟಗೇರಿ ಮಗ್ಗದ ಕುಣ್ಯಾಗಿಂದ ಬರತಾವೇನು ಇಂಥಾವು?”

ಅಷ್ಟೇ. ಇಷ್ಟೇ ಸಾಕಾಯಿತು ನನಗೆ.

“ನಾನು ಯಾವ ಪುಸ್ತಕದಿಂದಲೂ ಇಳಿಸಿಲ್ಲ. ಕೊರ್ಲಹಳ್ಳಿ ಅಂಬಿಗರ ಹನುಮಪ್ಪ ತನ್ನ ಕೈಯಾರೆ ಕಟ್ಟಿ ತೋರಿಸಿದ್ದು ಇದು. ಅವನೊಬ್ಬನಿಗೇ ಬರುತ್ತದೆ. ಹೋಗಿ ಕೇಳಿ!”

ಹೋಗಿ ಕೇಳಿ — ಅದೂ ನಾನೇ ಅಂದದ್ದು.

ಹಿರಿಯವನು ಅಂಗಿಯ ಜೇಬಿನಿಂದ ಒಂದು ರಿಬ್ಬನ್ನಿನ ತುಂಡು ತೆಗೆದು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಕಪ್ಪಗಾದ ಹಗ್ಗದ ಗಂಟು. ಎರಡನ್ನೂ ನೋಡಿದ. ನನ್ನನ್ನೂ ನೋಡಿದ. ಎರಡನ್ನೂ ಮತ್ತೆ ಜೇಬಿಗೆ ಹಾಕಿಕೊಂಡ.

“ಆತ್ರಿ ಅಕ್ಕೋರ. ಬಾಳ ಉಪಕಾರ ಆತು.”

ಆಗ ನನಗೆ ತಿಳಿಯಿತು. ಆ ಕ್ಷಣವೇ. ಎದ್ದು ಓಡಬೇಕಿತ್ತು. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಆದರೆ ಮುಂದಿನ ಕಂತಿನ ಪ್ರೂಫು ತಂದಿದ್ದ ಪ್ರೆಸ್ಸಿನವನು ಬಾಗಿಲಲ್ಲಿ ಕಾಯುತ್ತಿದ್ದ. ನಿನ್ನ ಅಪ್ಪನ ಮುಖ ನೋಡಿ ‘ಹೇಳಿಬಿಟ್ಟೆ’ ಎನ್ನಲು ಹೆದರಿದೆ. ಹೇಗೂ ನಾಳೆ ಭಾನುವಾರ, ನಾಳೆ ಹೋದರಾಯಿತು ಎಂದುಕೊಂಡೆ. ಕೂತು ಕಾಗುಣಿತ ತಿದ್ದಿದೆ. ಒಂದು ಕೊಂಬು ತಪ್ಪಿತ್ತು. ಸರಿ ಮಾಡಿದೆ.

ಭಾನುವಾರ ನಾನು ಬಸ್ಸಿಳಿದು ದಂಡೆಗೆ ಬಂದಾಗ ಮಂದಿ ಸುತ್ತಗಟ್ಟಿ ನಿಂತಿದ್ದರು. ಅರ್ಧ ಹೆಣೆದ ಹರಗೋಲಿನೊಳಗೆ ಅವನು ಬಿದ್ದಿದ್ದ. ಹೆಗಲಿನಿಂದ ಎದೆಯವರೆಗೆ ಕೊಡಲಿ ಇಳಿದಿತ್ತು. ಎಡಗೈ ಮುಂಗೈಯ ಬಳಿ ಕಡಿದುಹೋಗಿತ್ತು — ಅದನ್ನೇ ಗುರಿಯಿಟ್ಟು ಕಡಿದಿದ್ದರು, ಯಾಕೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ದಬ್ಬೆಗಳ ಸಂದಿಯಿಂದ ರಕ್ತ ಸೋರಿ ಮರಳಿಗೆ ಇಳಿಯುತ್ತಿತ್ತು. ನೀನು ಅಡ್ಡ ಬಿದ್ದದ್ದಕ್ಕೆ ಕೊಡಲಿಯ ಹಿಂಬದಿಯಿಂದ ನಿನ್ನ ಭುಜ ಜಜ್ಜಿದ್ದರು. ನನ್ನನ್ನು ಕಂಡವಳೇ ಒಂದು ಕೈಯಿಂದ ನನ್ನ ಕಾಲು ಹಿಡಿದೆ.

“ನಮ್ಮಪ್ಪ ಯಾರಿಗೇನ್ ಮಾಡಿದ್ನ್ರಿ ಅಕ್ಕೋರ? ಯಾರಿಗೇನ್ ಮಾಡಿದ್ನ್ರಿ?”

“ಗೊತ್ತಿಲ್ಲ ಯಲ್ಲವ್ವಾ,” ಎಂದೆ.

ಆ ಇಬ್ಬರು ತಾವೇ ಹೋಗಿ ಠಾಣೆಯಲ್ಲಿ ಕೂತರು. ಹರಗೋಲು ಬೇಗ ತರಲಿಲ್ಲವೆಂದು ಮಾತಿಗೆ ಮಾತು ಬೆಳೆಯಿತು, ಸಿಟ್ಟಿನ ಭರದಲ್ಲಿ ಆಯಿತು ಎಂದರು. ಹಳೆಯ ಹಗೆ ಹೊರಬಿದ್ದರೆ, ಯೋಚಿಸಿ ಕೊಂದದ್ದೆಂದು ಶಿಕ್ಷೆ ದೊಡ್ಡದಾಗುತ್ತಿತ್ತು. ಶಾಲೆಗೆ ಬಂದ ಫೌಜದಾರರು ನನ್ನನ್ನೂ ಕೇಳಿದರು. “ಅಕ್ಕೋರ, ನೀವು ಅಲ್ಲಿ ವಾರಾವಾರಾ ಹೋಗತಿದ್ರಂತ. ನಿಮ್ಮ ಕತ್ಯಾಗೂ ಹೊಳಿ, ಕೊಲಿ ಬರತೈತಂತ. ಏನರ ಸಂಬಂಧ ಐತೇನು?”

“ಎಲ್ಲಾ ಕಲ್ಪನೆ,” ಎಂದೆ. ಅವರು ಬರೆದುಕೊಂಡು ಹೋದರು. ಅವರಿಬ್ಬರಿಗೆ ಕೆಲವೇ ವರ್ಷದ ಸಜೆಯಾಯಿತು.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಸರಕಾರದ ನೆರವಿಗೆ ಅರ್ಜಿ ಬರೆಸಲು ನೀನು ನನ್ನ ಹತ್ತಿರವೇ ಬಂದೆ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಸ್ಟಾಫ್ ರೂಮಿನ ನೆಲದ ಮೇಲೆ ಕೂತು, “ಕಲತೋರಾಗ ನಮಗ ನೀವೊಬ್ರ ಅದೀರಿ ನೋಡ್ರಿ” ಎಂದೆ. ಅರ್ಜಿಯಲ್ಲಿ ‘ಕೊಲೆಗೆ ಕಾರಣ’ ಎಂಬ ಒಂದು ಸಾಲು ಇತ್ತು. ನನ್ನ ಮುತ್ತಿನಂಥ ಅಕ್ಷರದಲ್ಲಿ ‘ತಿಳಿದಿಲ್ಲ’ ಎಂದು ಬರೆದೆ. ಕೆಳಗೆ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡೆ. ನನ್ನ ಸುಳ್ಳಿಗೆ ನಿನ್ನ ಗುರುತು.

ಧಾರಾವಾಹಿ ನಿಲ್ಲಲಿಲ್ಲ. ಪುಸ್ತಕವಾಯಿತು, ಎರಡು ಸಲ ಅಚ್ಚಾಯಿತು. ಮುನ್ನುಡಿಯಲ್ಲಿ ‘ಹೊಳೆಯ ದಂಡೆಯ ಅನೇಕ ಹಿರಿಯರಿಗೆ’ ನಮಸ್ಕಾರ ಹೇಳಿದ್ದೇನೆ. ಅನೇಕರಿರಲಿಲ್ಲ. ಒಬ್ಬನಿದ್ದ. ಅವನ ಹೆಸರನ್ನು ಹೇಳಬಾರದ ಕಡೆ ಹೇಳಿದೆ. ಹೇಳಬೇಕಾದ ಕಡೆ ನುಂಗಿದೆ. ಸರೋಜಾಳನ್ನು ಆ ವರ್ಷವೇ ಶಾಲೆ ಬಿಡಿಸಿದರು. ಅವಳ ತಂದೆಯೂ ನಿನ್ನ ಅಪ್ಪನೂ ಮಾಡಿದ್ದನ್ನು ತೂಗುವ ಅಧಿಕಾರ ನನಗಿಲ್ಲ. ನಾನು ಮಾಡಿದ್ದು ಮಾತ್ರ ನನಗೆ ಗೊತ್ತು.

ಈಗ ಮೂರನೆಯ ಸಲ ಅಚ್ಚು ಹಾಕುತ್ತೇವೆಂದು ಪ್ರೆಸ್ಸಿನಿಂದ ಪತ್ರ ಬಂದಿದೆ. ಬೇಡವೆಂದು ಬರೆದೆ. ಠಾಣೆಗೆ ಹೋಗಿ, ಶನಿವಾರದಿಂದ ಭಾನುವಾರದವರೆಗೆ ನಡೆದದ್ದನ್ನು, ನಾನು ಅಂದದ್ದನ್ನು, ಬರೆದುಕೊಟ್ಟು ಸಹಿ ಮಾಡಿ ಬಂದೆ. ಅದರಿಂದ ಏನಾಗುತ್ತದೋ — ಆಗಲಿ. ನಿನ್ನ ಅಪ್ಪನ ಗುಟ್ಟನ್ನು ಅಲ್ಲಿ ಬರೆದಿಲ್ಲ. ಅದು ನಿನ್ನದು. ಹೊರಗೆ ಹಾಕಬೇಕೋ ಬೇಡವೋ ನೀನು ಹೇಳಬೇಕು. ನೀನು ಬೇಡವೆಂದರೆ ಈ ಹಾಳೆಗಳನ್ನು ನಿನ್ನ ಮುಂದೆಯೇ ಹರಿದುಹಾಕುತ್ತೇನೆ.

ನಿನಗೆ ಓದಲು ಬರುವುದಿಲ್ಲ. ಇದನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು. ಬರುವ ಭಾನುವಾರ ನಾನೇ ಬಂದು, ಮೊದಲ ಸಾಲಿನಿಂದ, ಒಂದು ಮಾತನ್ನೂ ಬಿಡದೆ ಓದುತ್ತೇನೆ. ನನ್ನನ್ನು ಕಂಡ ಕೂಡಲೇ ನೀನು ಚಾಪೆ ಕೊಡವುತ್ತೀ, ಒಳಗೆ ಕರೆಯುತ್ತೀ — ನಿನ್ನ ರೂಢಿ ಅದು. ಈ ಸಲ ಕರೆಯಬೇಡ. ನಾನು ಹೊಸ್ತಿಲ ಹೊರಗೇ ನಿಂತು ಓದುತ್ತೇನೆ. ಮೊದಲು ಕೇಳು.