ಪರದೇಶಿ

ನನ್ನ ಗಂಡ ತೀರಿಕೊಂಡ ವರ್ಷವೇ ಮಗಳಿಗೆ ನಾಸಿಕ್‌ನ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಪದವಿಗೆ ಸೀಟು ಸಿಕ್ಕಿತು. ಪ್ರವೇಶ ಪರೀಕ್ಷೆ, ಸಂದರ್ಶನ ಎರಡನ್ನೂ ದಾಟಿ ಪಡೆದ ಸೀಟು. ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ. ಬೀದರಿನಿಂದ ಬಂದು ನಮ್ಮೊಡನಿದ್ದ ಅತ್ತೆಯವರಿಗೆ, “ಅಜ್ಜಿ, ನಾ ನಾಸಿಕ್ಕಿಗೆ ಹೋಗಿ ಪರದೇಶಿ ಧಂದಾ ಕಲೀತೀನಿ” ಎಂದಳು.

ಮರಾಠಿಯಲ್ಲಿ ಪರದೇಶಿ ಎಂದರೆ ವಿದೇಶಿ. ನಮ್ಮ ಕಡೆ ದಿಕ್ಕಿಲ್ಲದವರನ್ನು ಹಾಗನ್ನುತ್ತಾರೆ.

“ಅಪ್ಪ ಹೋದ ಅಂತ ಪರದೇಶಿ ಆಗ್ತಿ ಏನ? ನಾ ಇನ್ನಾ ಸತ್ತಿಲ್ಲ. ಎಲ್ಲೂ ಹೋಗಬ್ಯಾಡ” ಎಂದರು ಅತ್ತೆ.

ನಾನು ಅರ್ಥ ಬಿಡಿಸಿ ಹೇಳಿದೆ. ಅವರು, “ಬಿಡ್ಲಾಕ ನಾನೂ ಬರ್ತೀನಿ” ಎಂದರು.

ಬಸ್ಸಿನಲ್ಲಿ ಅರ್ಧ ದಾರಿಯ ಯೇವಲಾ ದಾಟಿದರೂ ಅತ್ತೆ ಮೊಮ್ಮಗಳ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಹಾಸ್ಟೆಲ್ ಬಾಗಿಲಲ್ಲಿ ವಾರ್ಡನ್ನಿನ ಕೈ ಹಿಡಿದು, “ಈಕಿ ಪರದೇಶಿ ಅಲ್ರಿ, ನಾವಿದ್ದೀವಿ” ಎಂದು ಕನ್ನಡದಲ್ಲೇ ಹೇಳಿದರು.

ಮರಾಠಿಯ ಆ ಹೆಂಗಸಿಗೆ ತಿಳಿದದ್ದು ಒಂದೇ ಪದ. “ನಾಹಿ ಆಜಿ, ಇಥೇ ಪರದೇಶಿ ಕೋಣೀ ನಾಹಿ” ಎಂದು ನಕ್ಕಳು. ಇಲ್ಲಿ ಪರದೇಶಿ ಯಾರೂ ಇಲ್ಲ.

ಅತ್ತೆಗೆ ಅಷ್ಟು ಸಾಕಾಯಿತು. ಚೀಲವನ್ನು ಮೊಮ್ಮಗಳ ಕೈಗೆ ಕೊಟ್ಟರು.